ಸೊಪ್ಪು ಮುಗಿಯದ ಮಧ್ಯಾಹ್ನ

ಸದ್ದಿಲ್ಲದಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವುದನ್ನು ಒಮ್ಮೆಯಾದರೂ ತಿರುವಿ ನೋಡದೆ ಒಪ್ಪುವ ಅಭ್ಯಾಸ ನನಗಿಲ್ಲ. ಶಾಲೆಯಲ್ಲಿ ಹೆಚ್ಚು ಕಾಲ ಕೂರದಿದ್ದುದರಿಂದ ಆದ ಲಾಭ ಇದೊಂದೇ. ಈ ಮಾತನ್ನಂತೂ ನನ್ನ ಹೆಂಡತಿ ಮುನಿರತ್ನ ಪ್ರತಿ ಮಧ್ಯಾಹ್ನ ಸುಳ್ಳು ಮಾಡುತ್ತಾಳೆ.

ಆಕೆ ಹುಟ್ಟಿದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವ ಮನೆಯಲ್ಲಿ. ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ: ದೂರದಲ್ಲೆಲ್ಲೋ ತುಂತುರು ಮಳೆ ಬಿದ್ದಂತೆ. ಆ ಮಳೆಯೊಳಗೆ ಮಲಗಿ ಬೆಳೆದವಳಿಗೆ ಮಳೆ ನಿಂತರೆ ಎಚ್ಚರ. ಸೊಪ್ಪು ಮುಗಿದಿದೆ, ಎದ್ದು ಹಾಕಬೇಕು. ಹುಳು ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅವಳ ನಿದ್ದೆ ಮಾತ್ರ ಇನ್ನೂ ಆ ಹುಳು ಮೇಯುವ ತಟ್ಟೆಗಳ ಪಕ್ಕದಲ್ಲೇ ಮಲಗಿದೆ.

ಕಾಯಿಲೆಯಿಂದ ಎದ್ದವಳು ಮಧ್ಯಾಹ್ನ ಮಲಗಲೇಬೇಕೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹಾಡು ಹಾಕಿದೆ. ಕಣ್ಣು ಮುಚ್ಚಿದಳು. ಹಾಡು ಮುಗಿದು ಪ್ಲೇಯರು ಸುಮ್ಮನಾಯಿತು. "ಸೊಪ್ಪು ಹಾಕಿದ್ರಾ?" ಎನ್ನುತ್ತಾ ಅರೆನಿದ್ದೆಯಲ್ಲೇ ಎದ್ದು ಕುಳಿತಳು.

ಅಂದಿನಿಂದ ಕಿರುಗುಟ್ಟುವ ಕುರ್ಚಿಯಲ್ಲಿ ಕುಳಿತು, ಒಂದು ಹಾಡು ಮುಗಿಯುತ್ತಿದ್ದಂತೆ ಇನ್ನೊಂದನ್ನು ಒತ್ತುವುದು ನನ್ನ ಕಸುಬಾಯಿತು. ಹೊರಗೆ ಬಿಸಿಲು, ಒಳಗೆ ಹಾಡಿನ ತುಂತುರು. ತೂಕಡಿಕೆಯ ನಡುವೆ, ನಾನೇ ಯಾವುದೋ ಮಬ್ಬುಗತ್ತಲೆಯ ಮನೆಯಲ್ಲಿ ತಟ್ಟೆಯಿಂದ ತಟ್ಟೆಗೆ ಹಸಿರು ಹರಡುತ್ತಾ ಹೋಗುತ್ತಿರುವಂತೆ ಭಾಸವಾಗುತ್ತಿತ್ತು.

ರಜೆಗೆಂದು ಚಿಂತಾಮಣಿಯಿಂದ ಬಂದ ಮೊಮ್ಮಗಳು ಇದನ್ನು ನೋಡಿ ನಕ್ಕಳು. "ತಾತ, ಇಲ್ಲೊಂದು ಟಿಕ್ ಹಾಕಿದ್ರೆ ಮುಂದಿನ ಹಾಡು ತಾನೇ ಬರುತ್ತೆ. ಇಷ್ಟು ದಿನ ಇದಕ್ಕೆ ಕಾವಲು ಕೂತಿದ್ಯಾ?"

ತಾನೇ ಬರುವಂಥದ್ದು ಈ ಲೋಕದಲ್ಲಿ ಯಾವುದೂ ಇಲ್ಲ, ಎಲ್ಲದರ ಹಿಂದೆಯೂ ಯಾರೋ ಒಬ್ಬರು ನಿದ್ದೆಗೆಟ್ಟು ಕುಳಿತಿರುತ್ತಾರೆ ಎಂದು ನಾನು ವಾದಿಸಿದೆ. ಅವಳು ಟಿಕ್ ಹಾಕಿಯೇ ಬಿಟ್ಟಳು. ಮುಂದಿನ ಹಾಡು ತಾನೇ ಬಂತು. ವಾದದಲ್ಲಿ ಸೋತವನು ಚಪ್ಪಲಿ ಮೆಟ್ಟಿ ಬೀದಿಗಿಳಿದೆ.

ಹಿಂದಿರುಗಿದಾಗ ಹಾಡು ನಡೆದೇ ಇತ್ತು. ಮುನಿರತ್ನ ಮಂಚದ ಮೇಲೆ ಎದ್ದು ಕುಳಿತಿದ್ದಳು. ಹಾಡು ನಿಂತೇ ಇಲ್ಲವಲ್ಲ, ಏಕೆ ಎದ್ದೆ ಎಂದು ಕೇಳಿದೆ.

"ಹಾಡು ಬರ್ತಾನೇ ಇತ್ತು ಕಣ್ರೀ," ಎಂದಳು. "ಕುರ್ಚಿ ಸದ್ದು ನಿಂತೋಯ್ತಲ್ಲ."

ಊರೆಲ್ಲ ಹೇಳಿದ್ದನ್ನು ಅನುಮಾನಿಸುತ್ತಾ ಬಂದವನು, ಹಾಡೇ ಅವಳನ್ನು ಮಲಗಿಸುತ್ತದೆ ಎಂದು ನಾನೇ ಕಟ್ಟಿದ ಸಿದ್ಧಾಂತವನ್ನು ಮಾತ್ರ ಒಮ್ಮೆಯೂ ತಿರುವಿ ನೋಡಿರಲಿಲ್ಲ. ಟಿಕ್ ಇದ್ದಲ್ಲೇ ಇರಲೆಂದು ಬಿಟ್ಟಿದ್ದೇನೆ. ಈಗ ಮುಂದಿನ ಹಾಡನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ, ಕುರ್ಚಿಯನ್ನು ನಾನು.