ರಾಮದುರ್ಗದ ಮೂಗು, ಬೈಲಹೊಂಗಲದ ಕಿವಿ

ಮೂಗು ಕೊಯ್ಯಿಸಿಕೊಳ್ಳುತ್ತೇನೆ ಎಂದು ಹೊರಟವಳು ನನ್ನ ಮೊಮ್ಮಗಳು. ಕಿವಿ ಹೊಲಿಸಿಕೊಂಡು ಬಂದವಳು ನಾನು. ನಡೆದದ್ದು ಇಷ್ಟೇ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಇದನ್ನು ಬೇರೆ ಬೇರೆ ಥರ ಹೇಳುತ್ತಾರೆ. ಕೊರಿಯಾದವರು ಹುಡುಗಿಯ ತಲೆ ಕೆಡಿಸಿದರು ಎಂದು ಒಬ್ಬರು, ಮುದುಕಿಗೆ ಈ ವಯಸ್ಸಿನಲ್ಲಿ ಚಂದ ಕಾಣುವ ಹುಚ್ಚು ಹಿಡಿಯಿತು ಎಂದು ಇನ್ನೊಬ್ಬರು. ಕೊರಿಯಾದವರು ಯಾರ ತಲೆಯನ್ನೂ ಕೆಡಿಸಿಲ್ಲ. ನನಗೆ ಹುಚ್ಚೂ ಹಿಡಿದಿಲ್ಲ.

ಮೊದಲು ಮೂಗಿನದು ಹೇಳುತ್ತೇನೆ. ನಾನು ಸಾಲಿಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಕೂಸುಗಳಿಗೆ ಎರೆಯುವುದನ್ನು ಮಾತ್ರ ಅತ್ತೆಯ ಕೈಕೆಳಗೆ ಪೂರ್ತಿ ಕಲಿತೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲಿನ ಮೇಲೆ ಮಲಗಿಸಿ, ಮೈತುಂಬ ಔಡಲೆಣ್ಣೆ ತಿಕ್ಕಬೇಕು. ತಲೆ ದುಂಡಗಾಗಲೆಂದು ಅಂಗೈಯಿಂದ ಒತ್ತಬೇಕು. ಹುಬ್ಬು ತೀಡಬೇಕು. ಕಡೆಗೆ ಎರಡು ಬೆರಳಲ್ಲಿ ಮೂಗನ್ನು ಹಿಡಿದು ಮೇಲಿನಿಂದ ಕೆಳಗೆ ಎಳೆಯಬೇಕು, ನೀಳವಾಗಿ ಬರಲಿ ಎಂದು. ಆಮೇಲೆ ಬಿಸಿನೀರು. ನಮ್ಮ ಓಣಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ನನ್ನ ಕಾಲಿನ ಮೇಲೆ ಮಲಗಿ ಎದ್ದವರೇ. ಈಗಿನ ಡಾಕ್ಟರುಗಳು ಮೂಗು ಎಳೆಯಬೇಡಿರಿ ಎಂದು ಬೈಯುತ್ತಾರೆ. ಅವರ ಮೂಗನ್ನು ಯಾರೋ ಎಳೆದೇ ಇರುತ್ತಾರೆ, ಅವರಿಗೆ ನೆನಪಿಲ್ಲ, ಅಷ್ಟೆ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು. ನನ್ನ ಸೊಸೆಯ ತವರು ರಾಮದುರ್ಗ. ಹೀಗಾಗಿ ಮೊಮ್ಮಗಳು ಹುಟ್ಟಿದ್ದು ಅಲ್ಲಿ, ಮೊದಲ ಐದು ತಿಂಗಳು ಅವಳಿಗೆ ಎರೆದದ್ದು ನನ್ನ ಬೀಗತಿ. ಐದನೇ ತಿಂಗಳಲ್ಲಿ ತೊಟ್ಟಿಲ ಸಮೇತ ಕೂಸು ನಮ್ಮ ಮನೆಗೆ ಬಂತು. ಕುಂಚಿಗೆ ಸರಿಸಿ ಮುಖ ನೋಡಿದೆ. ಕಾದ ಎಣ್ಣೆಯಿಂದ ಈಗಷ್ಟೇ ತೆಗೆದಿಟ್ಟ ಬಜಿಯ ಹಾಗೆ ಮೂಗು ಉಬ್ಬಿ ಕೂತಿತ್ತು.

“ಯವ್ವಾ, ರಾಮದುರ್ಗದಾಗ ಎಣ್ಣಿ ತುಟ್ಟಿ ಆಗೇತೇನ? ಮೂಗು ಯಾರೂ ಎಳದ ಇಲ್ಲಲ್ಲ!” ಎಂದೆ. ಬಿಡಲು ಬಂದ ಬೀಗತಿ ಅಲ್ಲೇ ಇದ್ದರು. ಕೇಳಿಸಲಿ ಎಂದೇ ಅಂದದ್ದು.

ಮರುದಿನ ನಾನೇ ಬಚ್ಚಲಿಗೆ ಹಾಕಿಕೊಂಡು ಕೂತೆ. ನಾನು ಅದರ ಮೂಗು ಎಳೆದೆ. ಅದು ನನ್ನ ಎಡಗಿವಿಯ ಬೆಂಡವಾಲಿ ಎಳೆಯಿತು. ನನ್ನವ್ವ ಕೊಟ್ಟ ಬಂಗಾರದ ಬೆಂಡವಾಲಿ, ಭಾರಕ್ಕೆ ಕಿವಿಯ ತೂತು ಮೊದಲೇ ಜೋತುಬಿದ್ದಿತ್ತು. ಹಾಲೆ ಕೆಳತನಕ ಹರಿದು ಎರಡು ಸೀಳಾಯಿತು, ಹಾವಿನ ನಾಲಿಗೆಯಂತೆ. ಮೂಗು ಮಾತ್ರ ಇದ್ದಲ್ಲೇ ಇತ್ತು. ಬೆಂಡವಾಲಿ ಟ್ರಂಕಿಗೆ ಹೋಯಿತು. ಅಂದಿನಿಂದ ನಾನು ಸೆರಗನ್ನು ಎಡಗಿವಿ ಮುಚ್ಚುವಂತೆ ಹೊದೆಯತೊಡಗಿದೆ. ಮನೆಯಲ್ಲಿ ‘ರಾಮದುರ್ಗದ ಮೂಗು’ ಎಂಬ ಮಾತು ಉಳಿದುಕೊಂಡಿತು. ಹುಡುಗಿಗೆ ನೆಗಡಿ ಬಂದರೂ ಅದೇ ಮಾತು, ಸಿಟ್ಟು ಬಂದರೂ ಅದೇ ಮಾತು.

ಹುಡುಗಿ ದೊಡ್ಡವಳಾಗಿ ಮದುಮಕ್ಕಳಿಗೆ ಮೇಕಪ್ ಮಾಡುವ ಕೆಲಸ ಹಿಡಿದಳು. ಕೈ ಚಲೋ ಇದೆ. ಲಗ್ನದ ದಿನಗಳಲ್ಲಿ ಇಂದು ಕಿತ್ತೂರು, ನಾಳೆ ಸವದತ್ತಿ, ನಾಡಿದ್ದು ರಾಮದುರ್ಗ. ಎಂಥ ಮೊಂಡು ಮೂಗಿದ್ದರೂ ಎರಡು ಬದಿಗೆ ಕಪ್ಪಗಿನ ಬಣ್ಣ, ನಡುವೆ ಬೆಳ್ಳಗಿನ ಗೆರೆ ಎಳೆದು ಸಂಪಿಗೆ ಎಸಳು ಮಾಡಿಬಿಡುತ್ತಾಳೆ. ನಾನು ಎಣ್ಣೆಯಲ್ಲಿ ಮಾಡಿದ ಕೆಲಸವನ್ನೇ ಅವಳು ಬಣ್ಣದಲ್ಲಿ ಮಾಡುತ್ತಾಳೆ. ಸಂಜೆ ಮುಖ ತೊಳೆದರೆ ಅವಳದು ಹೋಗುತ್ತದೆ.

ಕಿತ್ತೂರಿನಲ್ಲಿ ನಮ್ಮ ಸಂಬಂಧಿಕರದೇ ಒಂದು ಲಗ್ನವಿತ್ತು, ನಾನೂ ಹೋಗಿದ್ದೆ. ಮದುಮಗಳು ಖುಷಿಯಾಗಿ, “ಅಕ್ಕಾ, ನೀನೂ ಬಾ, ಒಂದ್ ಫೋಟೋ ತಗಸೂಣು” ಎಂದು ಕರೆದಳು. ಇವಳು “ಬಂದ್ನಿ, ಪಿನ್ನ ಬಿದ್ದೈತಿ” ಎನ್ನುತ್ತ ಪೆಟ್ಟಿಗೆಯೊಳಗೆ ತಲೆ ಹಾಕಿದವಳು ಫೋಟೋದವನು ಮುಂದೆ ಹೋಗುವವರೆಗೆ ಎತ್ತಲಿಲ್ಲ. ಪಿನ್ನು ಬಿದ್ದಿರಲಿಲ್ಲ. ನಾನು ಎದುರಿನ ಕುರ್ಚಿಯಲ್ಲೇ ಕೂತು ನೋಡುತ್ತಿದ್ದೆ. ಆಮೇಲೆ ಮನೆಗೆ ಬಂದು ನೆನಪು ಮಾಡಿಕೊಂಡೆ: ಇವಳು ಸಿಂಗಾರ ಮಾಡಿದ ಎಷ್ಟೋ ಹುಡುಗಿಯರ ಫೋಟೋ ಅವಳ ಫೋನಿನಲ್ಲಿ ಇವೆ. ಅವಳದು ಒಂದೂ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ನಾವು ಮೂವರೂ ಹೆಣ್ಣುಮಕ್ಕಳು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಾಗ ಅವಳು ಹೇಳಿಬಿಟ್ಟಳು. “ಮೂಗು ಆಪರೇಶನ್ ಮಾಡಿಸ್ಕೋತೇನಿ. ಬೆಳಗಾವ್ಯಾಗ ಮಾಡತಾರ.”

ಸೊಸೆ ಖಾರದ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಅತ್ತದ್ದು ದುಃಖಕ್ಕೋ ಖಾರಕ್ಕೋ ತಿಳಿಯಲಿಲ್ಲ. “ದೇವ್ರು ಕೊಟ್ಟ ಮುಖಕ್ಕ ಚಾಕು ಹಾಕಸ್ತೀಯಾ? ಕಿವಿ ಮೂಗು ಚುಚ್ಚಿದಾಗ ಊರ ಕೂಡೂಹಂಗ ಅತ್ತಾಕಿ ನೀ!”

“ಅವಾಗ ನನ್ನ ಯಾರ ಕೇಳಿದ್ರವಾ? ಈಗ ನಾನ ಹೇಳಾಕತ್ತೇನಿ.”

ಎಲ್ಲಿ ಕಲಿತಿ ಇದನ್ನು ಎಂದು ನಾನು ಕೇಳಿದೆ. ಕೊರಿಯಾ ಎಂದಳು. ಅವಳು ಫೋನಿನಲ್ಲಿ ಆ ದೇಶದ ಸೀರಿಯಲ್ ನೋಡುತ್ತಾಳೆ, ನೋಡುತ್ತ ನೋಡುತ್ತ ಭಾಷೆಯನ್ನೂ ಸ್ವಲ್ಪ ಕಲಿತಿದ್ದಾಳೆ. ಅಲ್ಲಿ ಇದು ಹಲ್ಲು ಕೀಳಿಸಿದಷ್ಟೇ ಸಸಾರವಂತೆ.

ಸೊಸೆ ಅಂದೇ ತವರಿಗೆ ಫೋನು ಹಚ್ಚಿದಳು. ಫೋನು ಅತ್ತೆಗೆ ಕೊಡು ಎಂದರು ಬೀಗತಿ.

“ಏನ್ರಿ ಬೀಗರ, ಮೂಗು ನಮ್ಮ ರಾಮದುರ್ಗದಾಗ ಕೆಟ್ಟಿತಂತ ಇಷ್ಟ ವರ್ಷ ಸಾರಿದ್ರಿ. ಈಗ ನೋಡ್ರಿ, ಹುಡುಗಿ ರಿಪೇರಿಗೆ ಹೊಂಟಾಳ.”

“ಎಳದಿದ್ರ ಹಿಂಗ ಉಬ್ಬಿ ಕುಂಡ್ರತಿದ್ದಿಲ್ರಿ ಅದು.”

“ದಿನಾ ಎಳದೇನ್ರಿ ನಾ! ರಬ್ಬರ್ ಏನ್ರಿ ಅದು? ಒಂದ್ಸಲ ಕನ್ನಡಿ ನೋಡಕೋರಿ. ಅದು ನಿಮ್ಮ ಮೂಗು. ಯಾವ ಎಣ್ಣಿಗೂ ಬಗ್ಗಂಗಿಲ್ಲ.”

ಫೋನಿಟ್ಟು ಕನ್ನಡಿ ನೋಡಿದೆ. ಬೀಗತಿ ಹೇಳಿದ್ದು ಖರೆ ಇತ್ತು. ಖರೆ ಇದೆ ಎಂದು ನಾನು ಅವರಿಗೆ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಮೊಮ್ಮಗಳಿಗೆ ಕೊರಿಯಾದಲ್ಲಿ ಒಬ್ಬ ಗೆಳತಿ ಇದ್ದಾಳೆ. ಫೋನಿನಲ್ಲೇ ಪರಿಚಯ. ಇವಳು ಅವಳ ಭಾಷೆ ಕಲಿಯುತ್ತಾಳೆ, ಅವಳು ಇವಳಿಂದ ಇಂಗ್ಲಿಷ್ ಕಲಿಯುತ್ತಾಳೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಆದರೆ ನಗೆಗೆ ಕಡಿಮೆಯಿಲ್ಲ. ಒಂದು ಸಂಜೆ ಮುಖ ತೋರಿಸಿಕೊಂಡು ಮಾತಾಡುವಾಗ ನಾನೂ ಹೋಗಿ ಪಕ್ಕದಲ್ಲಿ ಕೂತೆ.

“ಕೇಳ ಆಕಿನ್ನ, ನಿಮ್ಮಲ್ಲಿ ಎಲ್ಲಾರೂ ಮುಖ ಕೊಯಿಸ್ಕೋತಾರೇನಂತ.”

ಗೆಳತಿ ಹೇಳಿದ್ದನ್ನು ಇವಳು ನನಗೆ ಬಿಡಿಸಿ ಹೇಳಿದಳು. ಬಹಳ ಹಿಂದೆ ಅವರಲ್ಲಿ ಮೈ, ಚರ್ಮ, ಕೂದಲು ಎಲ್ಲ ಹೆತ್ತವರು ಕೊಟ್ಟದ್ದು, ಅದನ್ನು ಕೆಡಿಸಬಾರದು ಎನ್ನುತ್ತಿದ್ದರಂತೆ. ಆಮೇಲೆ ಕಾಲ ತಿರುಗಿತು. ಗೆಳತಿಯ ಅವ್ವ ಸಾಲಿ ಮುಗಿಸಿದಾಗ ಹೆತ್ತವರೇ ಕರೆದುಕೊಂಡು ಹೋಗಿ ಕಣ್ಣು ದೊಡ್ಡದಾಗಿ ಕಾಣಲೆಂದು ರೆಪ್ಪೆಗೆ ಮಡಿಕೆ ಹಾಕಿಸಿದರಂತೆ, ನಾವು ಪಾಸಾದವರಿಗೆ ಸೀರೆ ಕೊಡಿಸಿದ ಹಾಗೆ. ಆದರೆ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಗಂಡನಿಗೂ ಹೇಳದೆ ಲಗ್ನವಾದಳಂತೆ. ಕೂಸು ಹುಟ್ಟಿ, ಅದಕ್ಕೆ ಅವ್ವನ ಹಳೆಯ ಕಣ್ಣೇ ಬಂದಾಗ ಗುಟ್ಟು ಹೊರಬಿತ್ತು. ಆ ಕೂಸೇ ಈ ಗೆಳತಿ. ಈಗಿನವರು ಮುಚ್ಚಿಡುವುದಿಲ್ಲ, ಮೂಗಿನ ಪಟ್ಟಿ ಹಾಗೇ ಇಟ್ಟುಕೊಂಡು ಪೇಟೆಗೆ ಹೋಗುತ್ತಾರಂತೆ. ಇನ್ನು ಕೆಲವರು ಚಾಕುವೂ ಬೇಡ, ಮೇಕಪ್ಪೂ ಬೇಡ ಎಂದು ಕೂದಲು ಮೋಟು ಮಾಡಿಕೊಂಡು ಆರಾಮ ಇದ್ದಾರಂತೆ. ಈ ಗೆಳತಿ ಅಂಥವಳು.

“ನೋಡ, ಕೊರಿಯಾದಾಕಿನ ಬ್ಯಾಡ ಅಂತಾಳ. ಬೈಲಹೊಂಗಲದಾಕಿ ನೀ ಯಾಕ ಬೇಕಂತಿ?” ಎಂದೆ.

“ಆಕಿ ಮೂಗು ನೋಡ ಆಯಿ, ಎಷ್ಟು ನೀಟ ಐತಿ. ಆಕಿ ಬ್ಯಾಡ ಅನ್ನಬಹುದು.”

ಫೋನಿನ ಹತ್ತಿರ ಬಗ್ಗಿ ನೋಡಿದೆ, ನೀಟೇ ಇತ್ತು.

ಅಷ್ಟರಲ್ಲಿ ಆ ಕಡೆ ಫೋನಿನಲ್ಲಿ ಇನ್ನೊಂದು ಮುಖ ತುಂಬಿಕೊಂಡಿತು. ಗುಂಗುರು ಕೂದಲಿನ ಮುದುಕಿ, ಬಾಯಲ್ಲಿ ಏನೋ ಅಗಿಯುತ್ತಿದ್ದಳು. ಗೆಳತಿಯ ಆಯಿ. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ದಿಟ್ಟಿಸಿದೆವು. ಅವಳಿಗೆ ನನ್ನ ಕೈಯ ಹಚ್ಚೆ ಬಹಳ ಸೇರಿತು, ಇದು ಯಾವಾಗ ಹಾಕಿಸಿಕೊಂಡದ್ದು ಎಂದು ಕೇಳಿದಳು. ಸಣ್ಣವಳಿದ್ದಾಗ ಇಬ್ಬರು ಕೈಕಾಲು ಹಿಡಿದು ಚುಚ್ಚಿಸಿದರು, ಹಾಕಿಸಿಕೊಂಡದ್ದಲ್ಲ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ತನ್ನ ಕಣ್ಣು ತೋರಿಸಿದಳು. ವಯಸ್ಸಾದ ಮೇಲೆ ರೆಪ್ಪೆ ಜೋತುಬಿದ್ದು ಕಣ್ಣು ಮುಚ್ಚತೊಡಗಿತಂತೆ. ಎದುರಿಗೆ ಬಂದವರ ಮುಖ ನೋಡಬೇಕಾದರೆ ಗದ್ದ ಎತ್ತಬೇಕು, ಎತ್ತಿದರೆ ಮುದುಕಿಗೆ ಸೊಕ್ಕು ಎನ್ನುತ್ತಿದ್ದರಂತೆ. ಹೋಗಿ ರೆಪ್ಪೆ ಎತ್ತಿಸಿಕೊಂಡು ಬಂದಳು. ಈ ವಯಸ್ಸಿನಾಗ ಯಾರಿಗೆ ತೋರಿಸಲಿಕ್ಕೆ ಎಂದು ಮಗ ಕೇಳಿದನಂತೆ.

“ಅದಕ್ಕ ಆಕಿ ಏನಂದಳಂತ?” ಎಂದೆ.

ಮೊಮ್ಮಗಳು ನಗು ತಡೆದುಕೊಂಡು ಹೇಳಿದಳು: “ತೋರಸಾಕಲ್ಲ, ನೋಡಾಕ ಅಂದಳಂತ.”

ನಗುವಾಗ ನನ್ನ ಸೆರಗು ಜಾರಿತ್ತು. ಆ ಕಡೆಯ ಮುದುಕಿ ಫೋನಿನ ಹತ್ತಿರ ಬಂದು ನನ್ನ ಕಿವಿಯತ್ತ ಬೆರಳು ಮಾಡಿ ಏನೋ ಜೋರಾಗಿ ಅಂದಳು.

“ಕಿವಿ ಯಾರು ಹರದ್ರು, ಯಾಕ ಹೊಲಿಸಿಲ್ಲ ಅಂತಾಳ ಆಯಿ.”

“ಹರದಾಕಿ ನೀನ. ಹೇಳ ಆಕಿಗೆ.”

ಹೇಳಿದಳೋ ಇಲ್ಲವೋ, ಆ ಕಡೆ ಮುದುಕಿ ಮೊಮ್ಮಗಳಿಗೆ ಬೆರಳು ಅಲ್ಲಾಡಿಸಿ ಬೈದದ್ದಂತೂ ಕಂಡಿತು.

ನನ್ನ ಮಗ, ಸೊಸೆ ಬೇಡ ಎಂದಷ್ಟೂ ಹುಡುಗಿ ಬಿಗಿಯಾದಳು. ಒಬ್ಬಳೇ ಹೋಗುತ್ತೇನೆ ಎಂದಳು. ಒಬ್ಬಳೇ ಹೋಗಿ ಕೊಯ್ಯಿಸಿಕೊಂಡು ಬರುವುದಕ್ಕಿಂತ ನಾನು ಜೊತೆಗಿರುವುದು ಚಲೋ ಎನಿಸಿತು. ಮುಂಜಾನೆಯ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಇಬ್ಬರೂ ಬೆಳಗಾವಿಗೆ ಹೋದೆವು.

ಡಾಕ್ಟರಬಾಯಿ ಸಮಾಧಾನದವಳು. ಮೊಮ್ಮಗಳ ಮೂಗನ್ನು ಎಲ್ಲ ಕಡೆಯಿಂದ ನೋಡಿ, ಮಾಡಬಹುದು ಎಂದಳು. ಆಮೇಲೆ ಹೇಗೆ ಮಾಡುತ್ತಾರೆ ಎಂದು ಚಿತ್ರ ಇಟ್ಟುಕೊಂಡು ತಿಳಿಸಿದಳು: ಎಲುಬು ಹೇಗೆ ಸರಿಸುತ್ತಾರೆ, ಮುಖ ಹೇಗೆ ಬಾತುಕೊಳ್ಳುತ್ತದೆ, ಬಾವು ಪೂರ್ತಿ ಇಳಿಯಲು ಎಷ್ಟು ಕಾಲ ಬೇಕು. ಮೊಮ್ಮಗಳು ತಲೆಯಾಡಿಸುತ್ತಿದ್ದಳು, ತುಟಿ ಒಣಗಿತ್ತು. ವಿಚಾರ ಮಾಡಿ ಬರ್ರಿ, ಅವಸರ ಇಲ್ಲ ಎಂದ ಡಾಕ್ಟರಬಾಯಿ ನನ್ನ ಕಡೆ ತಿರುಗಿದಳು.

“ಆಯಿ, ನಿಮ್ಮ ಕಿವಿ ಹಿಂಗ್ಯಾಕ ಬಿಟ್ಟೀರಿ? ಇವತ್ತ ಹೊಲದು ಕಳಸ್ತೇನ್ರಿ.”

“ಮುದುಕಿಗೆ ಯಾಕ್ರಿ?”

“ಬೆಂಡವಾಲಿ ಹಾಕ್ಕೊಳ್ಳಾಕ್ರಿ.”

ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟ ನನ್ನವ್ವನ ಬೆಂಡವಾಲಿ ಕಣ್ಣ ಮುಂದೆ ಬಂತು. “ಹೊಲೀರಿ ಹಂಗಾರ” ಎಂದೆ.

ಕಿವಿಗೆ ಸೂಜಿ ಹಾಕಿ ಜೋಮು ಹಿಡಿಸಿದರು. ಮೊಮ್ಮಗಳು ನನ್ನ ಕೈ ಹಿಡಿದು, “ಹೆದರಬ್ಯಾಡ ಆಯಿ, ನಾ ಅದೇನಿ” ಎಂದು ಧೈರ್ಯ ಹೇಳುತ್ತ ನಿಂತಳು. ಸೀಳಿನ ಅಂಚನ್ನು ಸ್ವಲ್ಪ ಕತ್ತರಿಸಿ ಮೊದಲ ಹೊಲಿಗೆ ಹಾಕಿದರು. ನನಗೆ ಏನೂ ಗೊತ್ತಾಗಲಿಲ್ಲ. ಆದರೆ ಕೈ ಹಿಡಿದವಳ ಬೆರಳು ತಣ್ಣಗಾಯಿತು. ಆಮೇಲೆ ಬೆರಳೇ ಇಲ್ಲ. ಧೈರ್ಯ ಹೇಳುವವಳು ನೆಲದ ಮೇಲೆ ಕೂತು, ಕೂತಲ್ಲೇ ವಾಲಿದ್ದಳು. ನರ್ಸ್ ನನ್ನನ್ನು ಬಿಟ್ಟು ಅವಳಿಗೆ ನೀರು ಚಿಮುಕಿಸಲು ಓಡಿದಳು.

ಬಸ್ಸಿನಲ್ಲಿ ಬುತ್ತಿ ಬಿಚ್ಚಿದೆವು. ಅರ್ಧ ರೊಟ್ಟಿ ತಿಂದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು.

“ನಾ ಮಾಡಸಂಗಿಲ್ಲ ಅಂದಿಲ್ಲ ಮತ್ತ. ಈಗ ಬ್ಯಾಡ ಅಂದೇನಿ” ಎಂದಳು.

“ನಿನ್ನ ಮೂಗು, ನಿನ್ನ ಮರ್ಜಿ. ಮಾಡಸೂ ದಿನ ಹೇಳ, ನಾ ಬರತೇನಿ. ನಾ ನೆಲಕ್ಕ ಬೀಳಂಗಿಲ್ಲ.”

“ರಾಮದುರ್ಗದ ಮೂಗು ಅನ್ನೂದು ಬಿಡ ಮೊದಲ.”

“ಬಿಟ್ಟೆ. ಬೈಲಹೊಂಗಲದ ಮೂಗು ಅಂತೇನಿ. ನನ್ನದ ಐತಿ ಅದು.”

ಅವಳು ನನ್ನ ಮುಖ ನೋಡಿದಳು, ಆಮೇಲೆ ಮೂಗು ನೋಡಿದಳು. ಫೋನು ತೆಗೆದು, ಕಿವಿಗೆ ಬಿಳಿ ಪಟ್ಟಿ ಹಾಕಿಕೊಂಡ ನನ್ನ ಪಕ್ಕಕ್ಕೆ ತನ್ನ ಮುಖ ತಂದಳು. ತಲೆ ಬಗ್ಗಿಸಲಿಲ್ಲ, ಪಿನ್ನನ್ನೂ ಹುಡುಕಲಿಲ್ಲ. ಬಸ್ಸು ಕುಲುಕುತ್ತಿತ್ತು, ಆದರೂ ಎರಡು ಬಜಿ ಮೂಗು ಸ್ವಚ್ಛ ಬಂದಿವೆ. ಅದನ್ನು ಕೊರಿಯಾಕ್ಕೂ ಕಳಿಸಿದಳು, ರಾಮದುರ್ಗಕ್ಕೂ ಕಳಿಸಿದಳು. ನಾವು ಬೈಲಹೊಂಗಲ ಮುಟ್ಟುವಷ್ಟರಲ್ಲಿ ಕೊರಿಯಾದ ಆಯಿ ಎರಡೂ ಕೈ ಮೇಲೆತ್ತಿದ ತನ್ನ ಫೋಟೋ ಕಳಿಸಿದ್ದಳು. ಬೀಗತಿ ಫೋನೇ ಮಾಡಿದರು.

“ಏನ್ರಿ ಬೀಗರ, ಕಿವೀನೂ ನಮ್ಮ ರಾಮದುರ್ಗದಾಗ ಕೆಟ್ಟಿತ್ತೇನ್ರಿ?”

ಮರುದಿನ ಮುಂಜಾನೆ ಪಕ್ಕದ ಮನೆಯ ಹೆಣ್ಣುಕೂಸಿಗೆ ಎರೆಯಲು ಹೋದೆ. ಪಟ್ಟಿಗೆ ನೀರು ತಾಗಬಾರದು ಎಂದಿದ್ದರು, ಅದಕ್ಕೆ ತಲೆಗೆ ಟಾವೆಲ್ ಸುತ್ತಿಕೊಂಡೆ. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿದೆ. ಬೆನ್ನು, ಹೊಟ್ಟೆ, ಕೈಕಾಲು ಎಲ್ಲ ಮುಗಿಸಿ ನೀರಿನ ಕಡೆ ಕೈ ಚಾಚಿದಾಗ, ಬಾಗಿಲಲ್ಲಿ ಕೂತ ಬಾಣಂತಿ ಕೇಳಿದಳು: “ಆಯಿ, ಮೂಗು ಎಳಿಯೂದು ಮರತ್ರೇನು?”

“ಮರತಿಲ್ಲವಾ. ಇಕಿ ದೊಡ್ಡಾಕಿ ಆಗಿ ಬೇಕಂದ್ರ ತಾನ ನೋಡಕೋತಾಳ.”

ಕೂಸು ಎರಡೂ ಕೈ ಎತ್ತಿ ನನ್ನ ಬಲಗಿವಿಯ ಓಲೆಯನ್ನೇ ನೋಡುತ್ತಿತ್ತು. ಟಾವೆಲ್ಲನ್ನು ಆ ಕಿವಿಯ ಮೇಲೂ ಎಳೆದುಕೊಂಡು ಬಿಸಿನೀರಿನ ಚರಿಗೆ ಎತ್ತಿದೆ.