ನೆಲದ ಮೇಲಿನ ರೈಲಿಗೇ ನನ್ನ ಮತ

ನಾವುಂದದ ಬಸ್ ನಿಲ್ದಾಣದಲ್ಲಿ ಬಸಳೆ ಮಾರುವ ಹೆಂಗಸಿನ ಮೇಲೆ ನನಗೆ ಎರಡು ವರ್ಷ ಸುಮ್ಮನೆ ಸಿಟ್ಟಿತ್ತು. ಬೆಳಿಗ್ಗೆ ನಾನು ಬಂದು ಸೀರೆಯ ನೆರಿಗೆ ಸರಿಮಾಡಿಕೊಂಡು ನಿಲ್ಲುವುದಕ್ಕಿಲ್ಲ, ಅವಳ ಬಾಯಿ ಶುರು. "ಹ್ವಾಯ್, ಎಕ್ಸ್‌ಪ್ರೆಸ್ ಬಂತ್, ಎಕ್ಸ್‌ಪ್ರೆಸ್!" ಅದರ ಹಿಂದೆ ಇನ್ನೊಂದು ಬಂದರೆ, "ಹ್ವಾಯ್, ಸರ್ವಿಸ್ ಬಸ್ ಕಾಣಿ, ಎಲ್ಲಾ ಕಡೆ ನಿಲ್ಲತ್ತ್!" ಬಸಳೆ ಮಾರುವವಳಿಗೆ ಬಸ್ಸಿನ ಉಸಾಬರಿ ಏಕೆ? ನಾನು ಹೈಸ್ಕೂಲಿನ ಕನ್ನಡ ಟೀಚರು, ಗಲಾಟೆ ಮಾಡುವವರನ್ನು ಕಂಡರೆ ನನಗಾಗದು. ಒಮ್ಮೆ ಹೇಳಿಯೂಬಿಟ್ಟೆ, "ಸ್ವಲ್ಪ ಮೆಲ್ಲ ಮಾತಾಡುಕೆ ಆತಿಲ್ಯಾ ನಿಂಗೆ?" ಅವಳು "ಆಯ್ತ್ ಟೀಚರೇ" ಎಂದಳು. ಮರುದಿನ ಇನ್ನೂ ಜೋರಾಗಿ ಕೂಗಿದಳು.

ಆ ಎರಡು ವರ್ಷ ನಾನೊಂದು ಗುಟ್ಟು ಕಾಪಾಡಿಕೊಂಡು ಬಂದಿದ್ದೆ. ನನ್ನ ಕಣ್ಣು ಮಸುಕಾಗುತ್ತಿತ್ತು. ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದು ಕುಂದಾಪುರದ ಡಾಕ್ಟರು ಹೇಳಿದ್ದರು. ಪಾಠಗಳೆಲ್ಲ ಬಾಯಿಗೆ ಬರುತ್ತಿದ್ದವು, ಉತ್ತರಪತ್ರಿಕೆಗೆ ಭೂತಗನ್ನಡಿ ಇತ್ತು, ಮಕ್ಕಳನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದೆ. ಬಸ್ಸಿನ ಬೋರ್ಡು ಮಾತ್ರ ಓದಲಾಗುತ್ತಿರಲಿಲ್ಲ. ನಮ್ಮ ಶಾಲೆ ಬ್ರಹ್ಮಾವರದ ಹತ್ತಿರ. ಅದರೆದುರು ಸರ್ವಿಸ್ ಬಸ್ಸು ನಿಲ್ಲುತ್ತದೆ, ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ.

ನಮ್ಮ ಯಜಮಾನರಿಗೆ ತಿಳಿದರೆ "ಸಾಕ್, ಮನೆಯಂಗೆ ಇರ್" ಎನ್ನುವುದು ಖಂಡಿತ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಶಾಲೆ ಬಿಟ್ಟು ಮನೆಯಲ್ಲಿ ಕೂರುವುದನ್ನು ನೆನೆದರೇ ನನಗೆ ಅಳು ಬರುತ್ತಿತ್ತು. ಹಾಗಾಗಿ ಇಂಜಿನ್ನಿನ ಸದ್ದು ಕೇಳಿ, ಬಸ್ಸಿನ ಬಣ್ಣ ಅಂದಾಜು ಮಾಡಿ ಹತ್ತುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ಸಂಜೆ ಕಂಡಕ್ಟರು ನನ್ನ ಸೀಟಿನವರೆಗೆ ಬಂದು "ನಾವುಂದ ಬಂತ್, ಇಳೀನಿ ಟೀಚರೇ" ಎನ್ನುತ್ತಿದ್ದ. ಟೀಚರೆಂದರೆ ಎಂಥ ಗೌರವ ಎಂದು ನಾನು ಬೀಗುತ್ತಿದ್ದೆ.

ಒಂದು ಬೆಳಿಗ್ಗೆ ನಿಲ್ದಾಣಕ್ಕೆ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಕೈಯಲ್ಲಿ ಫಾರಂ ಹಿಡಿದು ಬಂದಳು. ಬೈಂದೂರಿನಿಂದ ಕುಂದಾಪುರದ ಮೇಲೆ ಬ್ರಹ್ಮಾವರಕ್ಕೆ ದಿನವೂ ಓಡಾಡುವವರಿಗಾಗಿ ಒಂದು ರೈಲು ಮಾಡುವುದಾದರೆ ಯಾವುದು ಬೇಕು? ರಸ್ತೆಯ ಪಕ್ಕ ನೆಲದ ಮೇಲೆ ಓಡುವ ಲೈಟ್ ರೈಲೋ, ನೆಲದಡಿ ಹೋಗುವ ಮೆಟ್ರೊವೋ? ಬರೀ ಕಾಲೇಜಿನ ಪ್ರಾಜೆಕ್ಟು, ಯಾವ ರೈಲೂ ಬರುವುದಿಲ್ಲ ಎಂದು ಅವಳೇ ನಗುತ್ತ ಹೇಳಿದಳು.

ನನಗೆ ತಮಾಷೆಯೆನಿಸಿತು. "ಇಲ್ಲಿ ಬಾವಿ ತೋಡುವ ಮೊದಲೇ ನೀರು ಬರುತ್ತದೆ. ನಿನ್ನ ಮೆಟ್ರೊಗೆ ಚಕ್ರ ಬೇಡ, ದೋಣಿಯ ಹುಟ್ಟು ಕೊಡು" ಎಂದೆ. ಆದರೂ ಟೀಚರಲ್ಲವೇ, ಎರಡೂ ಕಡೆಯ ವಾದವನ್ನು ತೂಗಿ ನೋಡಿದೆ. ಮೆಟ್ರೊ ಬೇಗ ಹೋಗುತ್ತದೆ, ಅದಕ್ಕೆ ದನ ಅಡ್ಡ ಬರುವುದಿಲ್ಲ, ಮಳೆಗಾಲದ ತಂಟೆಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಮುಂದಿನ ಸ್ಟೇಷನ್ನಿನ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆಂದು ಕೇಳಿದ್ದೆ. ಬೋರ್ಡು ಓದುವ ಕಷ್ಟವೇ ಇಲ್ಲ! ಮೆಟ್ರೊ ಎಂದೇ ಬರೆಸಬೇಕೆಂದಿದ್ದೆ.

ಅಷ್ಟರಲ್ಲಿ ಬಸಳೆಯವಳು ಕೂತಲ್ಲಿಂದಲೇ ಹೇಳಿದಳು, "ನೆಲ್ದ ಮೇಲಿದ್ದೇ ಬರ್ಕೊ ಮಗಾ. ಅಡಿಯಂಗೆ ಹೋರೆ ನಾನ್ ಹ್ಯಾಂಗೆ ಕೂಗುದ್? ಈ ಟೀಚರ್‌ಗೆ ಬೋರ್ಡ್ ಕಾಂತಿಲ್ಲೆ ಅಲ್ದಾ?"

ನನಗೆ ಮುಖಕ್ಕೆ ಹೊಡೆದಂತಾಯಿತು. ಮೊದಲು ಬಂದದ್ದು ನನ್ನ ಎಂದಿನ ಸಿಟ್ಟೇ. "ನಿಂಗ್ಯಾರ್ ಹೇಳಿದ್?"

"ಯಾರ್ ಹೇಳುಕ್? ಒಂದಿನ ಮದಿ ಬಸ್ಸಿಗೆ ಕೈ ತೋರ್ಸ್ದ್ರಿ ನೀವ್. ಗಾಜಿನ್ ಮೇಲೆ ಹೂಮಾಲೆ, ಒಳ್ಗೆ ದಿಬ್ಬಣ. ಅವತ್ತಿಂದ ಗೊತ್ತ್. ಸಂಜಿ ಬಸ್ಸಿನ್ ಕಂಡಕ್ಟ್ರಿಗೂ ನಾನೇ ಹೇಳಿಟ್ಟಿದ್ದೆ." ಆಮೇಲೆ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿಮ್ಗೊಬ್ರಿಗೇ ಹೇಳಿರೆ ಬೇಜಾರ್ ಆತ್ತ್ ಅಂದೇಳಿ ಊರಿಗೇ ಕೂಗ್ದಂಗೆ ಕೂಗ್ದೆ."

ಎರಡು ವರ್ಷ ನನ್ನ ಕಿವಿ ಚುರುಕು ಎಂದುಕೊಂಡಿದ್ದೆ. ಚುರುಕಾಗಿದ್ದದ್ದು ಅವಳ ಕಣ್ಣು. ನನ್ನಿಂದ ಬೈಸಿಕೊಂಡ ಮರುದಿನವೂ ಅವಳು ಕೂಗಿದ್ದಳು, ಏಕೆಂದರೆ ಕೂಗದಿದ್ದರೆ ನಾನು ಎಕ್ಸ್‌ಪ್ರೆಸ್ ಹತ್ತಿಬಿಡುತ್ತಿದ್ದೆ. ಆ ಹೆಂಗಸಿನ ಕೈಯಿಂದ ನಾನು ಒಂದು ದಿನವೂ ಬಸಳೆ ಕೊಂಡವಳಲ್ಲ. ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆ ತಣ್ಣಗಾದ ಹಾಗೆ ಒಂದು ನೆಮ್ಮದಿಯಾಯಿತು. ಹುಡುಗಿಗೆ ಹೇಳಿದೆ, "ನನ್ನದೂ ನೆಲದ ಮೇಲಿನದ್ದೇ. ಕಾರಣ ಅಂತ ಜಾಗ ಉಂಟಲ್ಲ, ಅಲ್ಲಿ ಬರೆ. ಈ ಟೀಚರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಇವಳು ಕೂಗಿದ್ದು ಕೇಳಬೇಕು." ಅದುವರೆಗೆ ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಸುಲಭ. ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. "ಮತ್ತೆ ದಿನಾ ಬಸ್ ಹ್ಯಾಂಗೆ ಗುರ್ತ ಸಿಕ್ಕತ್ತ್ ನಿಂಗೆ?" ಎಂದರು. ಬೆಳಿಗ್ಗೆ ಬಂದು ನೋಡಿ ಎಂದೆ.

ಬಂದರು. ನಿಲ್ದಾಣದ ಪಕ್ಕದ ಅಂಗಡಿಯ ಜಗಲಿಯಲ್ಲಿ ನಿಂತು, ಅವಳು ಎಕ್ಸ್‌ಪ್ರೆಸ್ ಎಂದು ಕೂಗಿದಾಗ ನಾನು ಅಲುಗದೆ ನಿಂತದ್ದನ್ನು ನೋಡಿದರು. ಸರ್ವಿಸ್ ಎಂದು ಕೂಗಿದಾಗ ನಾನು ಹತ್ತಿದ್ದನ್ನೂ ನೋಡಿದರು. ಸಂಜೆ ನಾನು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಎರಡು ಕಟ್ಟು ಬಸಳೆ ಇತ್ತು. ಕೆಲಸ ಬಿಡುವ ಮಾತು ಅವರ ಬಾಯಿಂದ ಬರಲೇ ಇಲ್ಲ.

ಈಗಲೂ ಶಾಲೆಗೆ ಹೋಗುತ್ತಿದ್ದೇನೆ. ಅವಳು "ಹ್ವಾಯ್" ಎಂದ ಕೂಡಲೇ ನನಗೆ ಕೇಳಿಸಿತೆಂದು ಇಡೀ ನಿಲ್ದಾಣಕ್ಕೇ ಗೊತ್ತಾಗುವ ಹಾಗೆ ನಾನೂ ಕೂಗುತ್ತೇನೆ, "ಕೇಂತ್ ಮಾರಾಯ್ತಿ, ಕೇಂತ್!"