ಎರಡು ಪೆಟ್ಟಿಗೆ, ಒಂದು ಮಾತು

ವಾಲ್ಯೆವೊ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದ ದೊಬ್ರಿಲಾಳಿಗೆ ಮಿಣುಕುವ ದೀಪ ಕಂಡರೆ ಸುಮ್ಮನಿರಲು ಆಗುತ್ತಿರಲಿಲ್ಲ. ಊರಿನವರ ಜಗಳ, ಸಾವು, ನಿಶ್ಚಿತಾರ್ಥಗಳಿಗೆಲ್ಲ ಕರೆಯ ದೀಪ ಮಿಣುಕಿದಾಗಲೆಲ್ಲ ತಂತಿ ಜೋಡಿಸುತ್ತಲೇ ಯೌವನ ಕಳೆದವಳು. ಹೀಗಾಗಿ ಒಳಕೋಣೆಯ ಕಪಾಟಿನ ಮೇಲೆ ಎರಡೆರಡು ಇಂಟರ್ನೆಟ್ ಪೆಟ್ಟಿಗೆಗಳು ಬಂದು ಕೂತಾಗ, ಅವಕ್ಕೂ ಅವಳೇ ಯಜಮಾನಿಯಾದಳು.

ಹಳೆಯದು ಎಂದೋ ಬಂದ ಮೋಡೆಮ್, ವೈಫೈ ಕೂಡ ಅದರ ಹೊಟ್ಟೆಯಲ್ಲೇ. ಹೊಸ ರೌಟರನ್ನು ತಂದು ಪಕ್ಕದಲ್ಲಿಟ್ಟವನು ತಂಗಿಯ ಮಗ ಓಗ್ನೆನ್. ಬೀದಿಯ ತಂತಿ ಹಳೆಯದಕ್ಕೆ, ಹಳೆಯದರಿಂದ ಒಂದು ಕೇಬಲ್ ಹೊಸದಕ್ಕೆ. ಇನ್ನು ಹಳೆಯದರ ವೈಫೈ ಆರಿಸಿಬಿಡೋಣ, ಎರಡೂ ಇದ್ದರೆ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ ಎಂದ. ದೊಬ್ರಿಲಾ ಬಿಲ್‌ಕುಲ್ ಬೇಡವೆಂದಳು. ಹೃದಯದ ಆಪರೇಷನ್ ಆದಮೇಲೆ ಗಂಡ ವಿತೋಮಿರನ ಎದೆಗೆ ಆಸ್ಪತ್ರೆಯವರು ಒಂದು ಪುಟ್ಟ ಯಂತ್ರ ಅಂಟಿಸಿದ್ದರು. ಬಡಿತ ಹದ ತಪ್ಪಿದರೆ ಅದು ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಿತ್ತು, ಅಲ್ಲಿಂದ ನರ್ಸು ದೊಬ್ರಿಲಾಳಿಗೆ ಫೋನ್ ಮಾಡುತ್ತಿದ್ದಳು. ಆ ಯಂತ್ರಕ್ಕೆ ಪರಿಚಯವಿದ್ದದ್ದು ಹಳೆಯ ವೈಫೈ ಒಂದೇ. ಹೊಸದನ್ನು ಪರಿಚಯಿಸಬೇಕಾದರೆ ಆಸ್ಪತ್ರೆಗೇ ಹೋಗಬೇಕು, ಅದು ಹಬ್ಬ ಕಳೆದ ಮೇಲಿನ ಮಾತು.

ಹಬ್ಬವೆಂದರೆ ಸ್ಲಾವಾ, ಮನೆತನ ಕಾಯುವ ಸಂತ ನಿಕೋಲನ ದಿನ. ಆ ದಿನ ಮನೆಯ ಯಜಮಾನ ಕೂರುವಂತಿಲ್ಲ. ಬಂದ ನೆಂಟರೆಲ್ಲ ಉಂಡೇಳುವವರೆಗೆ ನಿಂತೇ ಬಡಿಸಬೇಕು, ನಿಂತೇ ಗ್ಲಾಸು ತುಂಬಬೇಕು. ವಿತೋಮಿರನ ಅಪ್ಪ ಹಾಗೆ ನಿಂತವನು, ಅಜ್ಜ ಯುದ್ಧದಲ್ಲಿ ಕಾಲು ಮುರಿದುಕೊಂಡು ಬಂದ ವರ್ಷವೂ ಊರುಗೋಲು ಹಿಡಿದು ನಿಂತವನು. ಹೆಚ್ಚು ಹೊತ್ತು ನಿಲ್ಲಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ದೊಬ್ರಿಲಾ ವಾರವೆಲ್ಲ ಗಂಡನ ಕಿವಿಗೆ ಹಾಕಿದ್ದಳು. ಹಟಮಾರಿ ಮುದುಕ ಬಗ್ಗಲಿಲ್ಲ. ಕೊನೆಗೆ ಹಬ್ಬದ ಹಿಂದಿನ ದಿನ ತಾನೇ ಒಂದು ಒಪ್ಪಂದದ ಮಾತು ತೆಗೆದ.

"ಆಸ್ಪತ್ರೆಯಿಂದ ಫೋನ್ ಬಂದ್ರೆ ಆ ಕ್ಷಣವೇ ಕೂತ್ಕೋತೀನಿ. ಬರ್ಲಿಲ್ವಾ, ನನ್ನ ತಂಟೆಗೆ ಬರ್ಬೇಡ. ಮಾತು ಮಾತೇ."

ಅವಳು ಒಪ್ಪಿದಳು. ಹಬ್ಬದ ಬೆಳಿಗ್ಗೆ ಅವನೇ ಪೆಟಾರಿಯಿಂದ ಅಮ್ಮ ಹೆಣೆದ ಬಿಳಿಯ ಕಸೂತಿ ಬಟ್ಟೆ ತಂದು, ಹಬ್ಬದ ದಿನ ಆ ಬೋಳು ಪ್ಲಾಸ್ಟಿಕ್ ಕಣ್ಣಿಗೆ ಚುಚ್ಚುತ್ತದೆ, ಮುಚ್ಚು ಎಂದ. ಮರ್ಯಾದಸ್ಥರ ಮನೆಯಲ್ಲಿ ಟೀವಿಗೂ ಬಟ್ಟೆಯಿರುವಾಗ ಇವಕ್ಕೇಕಿಲ್ಲ? ದೊಬ್ರಿಲಾ ಖುಷಿಯಿಂದಲೇ ಎರಡೂ ಪೆಟ್ಟಿಗೆಗಳ ಮೇಲೆ ಹೊದಿಸಿದಳು.

ನೆಂಟರು ಬಂದರು. ಪಾದ್ರಿ ಹಬ್ಬದ ರೊಟ್ಟಿ ಕತ್ತರಿಸಿ ಹೋದ. ವಿತೋಮಿರ ಮೀನಿನ ಸಾರು ಬಡಿಸಿದ, ಹುರುಳಿಕಾಯಿ ಬಡಿಸಿದ, ಹಣ್ಣಿನ ಮದ್ಯ ರಾಕಿಯಾ ಸುರಿದ. ದೊಬ್ರಿಲಾ ಏಪ್ರನ್ ಜೇಬಿನ ಫೋನನ್ನು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದಳು. ಅದು ತೆಪ್ಪಗಿತ್ತು. ಹಾಗಾದರೆ ಎದೆ ಚೆನ್ನಾಗಿದೆ, ನಾನೇ ಸುಮ್ಮನೆ ಪ್ರಾಣ ತಿಂದೆ ಎಂದು ಹಗುರಾದಳು. ಎಷ್ಟೋ ತಿಂಗಳ ಮೇಲೆ ಒಂದು ಜೋಕಿಗೆ ಬಾಯಿ ತುಂಬ ನಕ್ಕಳು ಕೂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಡನ ತುಟಿಯ ಬಣ್ಣ ನೋಡಿದಳು. ಹಣೆಯಲ್ಲಿ ಬೆವರು. ಸೌಟು ಪಾತ್ರೆಯ ಅಂಚಿಗೆ ಬಡಿದು ಕಟಕಟ ಎನ್ನುತ್ತಿತ್ತು. ಫೋನ್ ಮಾತ್ರ ಸದ್ದಿಲ್ಲ. ನೆಂಟರ ಫೋನುಗಳಲ್ಲಿ ಹಾಡು, ಫೋಟೋ ಎಲ್ಲ ಓಡುತ್ತಿದ್ದವು, ಅಂದರೆ ಇಂಟರ್ನೆಟ್ ಇದೆ. ಮತ್ತೆ ಎದೆಯ ಯಂತ್ರವೇಕೆ ಬಾಯಿ ಬಿಡುತ್ತಿಲ್ಲ? ಕೂಗಬೇಕಾದ ಹೊತ್ತಿನಲ್ಲಿ ಕೂಗದ ಲೈನು ಸತ್ತ ಲೈನು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಳಕೋಣೆಗೆ ಓಡಿ ಬಟ್ಟೆ ಎತ್ತಿದಳು. ಹೊಸದರ ದೀಪಗಳೆಲ್ಲ ಉರಿಯುತ್ತಿದ್ದವು. ಹಳೆಯದರಲ್ಲಿ ಬೀದಿಯ ತಂತಿಯ ದೀಪ ಉರಿಯುತ್ತಿತ್ತು, ವೈಫೈ ದೀಪ ಮಾತ್ರ ಆರಿತ್ತು. ಅದನ್ನು ಆರಿಸುವ ಗುಂಡಿ ಪೆಟ್ಟಿಗೆಯ ಹಿಂಬದಿಯಲ್ಲಿತ್ತು, ಬೇಕೆಂದೇ ಒತ್ತಿ ಹಿಡಿಯದೆ ಅದು ಆರುವುದಿಲ್ಲ. ಕೈಯಲ್ಲಿದ್ದ ಕಸೂತಿ ಬಟ್ಟೆಯನ್ನು ನೋಡಿದಳು, ಮುಚ್ಚು ಎಂದು ಬೆಳಿಗ್ಗೆ ಅದನ್ನು ತಂದವನು ಗಂಡನೇ. ಆಮೇಲೆ ಗುಂಡಿ ಒತ್ತಿದಳು. ದೀಪ ಮಿಣುಕಿತು, ನಿಂತಿತು, ಮತ್ತೆ ಮಿಣುಕಿತು. ಬೆಳಗಿನಿಂದ ಒಳಗೇ ಕೂಡಿಟ್ಟಿದ್ದನ್ನೆಲ್ಲ ಯಂತ್ರ ಒಮ್ಮೆಗೇ ಕಕ್ಕಿರಬೇಕು, ಅವಳು ಬಾಗಿಲು ದಾಟುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ನರ್ಸಿನ ದನಿಯಲ್ಲಿ ಗಾಬರಿಯಿತ್ತು. ಆಂಬುಲೆನ್ಸ್ ಹೊರಟಿದೆ, ಅವರನ್ನು ನಿಲ್ಲಗೊಡಬೇಡಿ ಎಂದಳು.

ಊಟದ ಕೋಣೆಯಲ್ಲಿ ವಿತೋಮಿರ ಅವಳ ಕೈಯ ಫೋನ್ ನೋಡಿದ.

"ಮಾತು ಮಾತೇ ಅಂತ ನೀನೇ ಅಂದಿದ್ದೆ. ಕೂತ್ಕೋ," ಎಂದಳು.

"ಇನ್ನೂ ಹುರಿದ ಮೀನು ಬಡಿಸಿಲ್ಲ ಕಣೇ. ಜನ ಕೂತಿರುವಾಗ ಈ ಮನೆಯವನು ಕೂತದ್ದಿಲ್ಲ."

ಮೇಜಿನ ತುದಿಯಲ್ಲಿದ್ದ ರಾಡೆ, ಇವರ ಮದುವೆಗೆ ಸಾಕ್ಷಿ ನಿಂತ ಗೆಳೆಯ, ಬಾಯಿ ಒರೆಸಿಕೊಂಡು ಎದ್ದ. ತನ್ನ ಕುರ್ಚಿಯನ್ನು ತಂದು ವಿತೋಮಿರನ ಹಿಂದಿಟ್ಟು, "ಈಗ್ ಕೂತಿರೋರು ಯಾರಪ್ಪಾ?" ಎಂದ. ಓಗ್ನೆನ್ ಎದ್ದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು, ಮೊಣಕಾಲು ನೋವಿನ ಅತ್ತಿಗೆಯೂ ಮೇಜು ಹಿಡಿದು ಎದ್ದಳು. ಆಗ ವಿತೋಮಿರ ಕುಸಿದು ಕೂತ.

ದೊಬ್ರಿಲಾ ಅವನ ಕಾಲರ್ ಸಡಿಲಿಸಿ, ಮುಂದೆ ಮಂಡಿಯೂರಿದಳು.

"ಫೋನ್ ಬರ್ಲಿಲ್ಲ, ಬರ್ಲಿಲ್ಲ ಅಂತ ಬೆಳಗ್ಗಿಂದ ಎಷ್ಟು ಖುಷಿಯಾಗಿದ್ದೆ, ಗೊತ್ತೇನೋ ನಿಂಗೆ?"

"ಗೊತ್ತು," ಎಂದ ಅವನು, ಉಸಿರು ಎಳೆಯುತ್ತ. "ನೀನು ನಗೋದನ್ನ ನೋಡ್ತಾನೇ ಬಡಿಸ್ತಿದ್ದೆ."

ಅವಳು ಅವನ ಮಣಿಕಟ್ಟು ಹಿಡಿದು ನಾಡಿ ಹುಡುಕುತ್ತ, ಬೀದಿಯ ಕಡೆ ಕಿವಿಗೊಟ್ಟು ಕೂತಳು.